ಒಂದೇ ಬೇಡಿಕೆ ಇಡಬಹುದಾದರೆ ಯಾವುದು? ಮಾನವ ಕಳ್ಳಸಾಗಣೆಯಿಂದ ಪಾರಾದವರ ಪರವಾದ ಆರು ಸುಧಾರಣೆಗಳ ಹೋಲಿಕೆ

ಮನವಿ ಪತ್ರ ಬರೆಯಲು ಕೂತವರು ಆಗಾಗ ಕೇಳುವ ಪ್ರಶ್ನೆ ಇದು. ಕೇಳುವವರು ಮಹಿಳಾ ಸಂಘದವರು, ಲಾ ಕಾಲೇಜಿನ ಕಾನೂನು ನೆರವು ಘಟಕದ ಹುಡುಗರು, ಪಂಚಾಯಿತಿ ಸದಸ್ಯರು, ಕೆಲವು ಕಿರಿಯ ವಕೀಲರು. ಎಲ್ಲರ ಕೈಯಲ್ಲೂ ಉದ್ದದ ಬೇಡಿಕೆ ಪಟ್ಟಿ ಇರುತ್ತದೆ. ಶಾಸಕರೋ ಸಂಸದರೋ ಕೊಡುವುದು ಐದು ನಿಮಿಷ. ಅಷ್ಟರಲ್ಲಿ ಒಂದು ವಿಷಯ ಹೇಳಬಹುದು, ಜಾಸ್ತಿ ಅಂದರೆ ಎರಡು. ಹೊಸ ಕಾನೂನು ಕೇಳುವುದಾ? ಪರಿಹಾರದ ಹಣವಾ? ಆಶ್ರಯಧಾಮಗಳ ಸುಧಾರಣೆಯಾ? ಸಾಕ್ಷಿಗಳ ರಕ್ಷಣೆಯಾ?

ಎಲ್ಲವೂ ಬೇಕು ಎನ್ನುವುದು ಸರಿಯೇ. ಆದರೆ ಹದಿನೈದು ಬೇಡಿಕೆಯ ಮನವಿ ಸೀದಾ ಫೈಲಿಗೆ ಹೋಗುತ್ತದೆ. ಅದಕ್ಕೇ ಆಯ್ಕೆಗಳನ್ನು ಒಂದೊಂದಾಗಿ ತೂಗಿ ನೋಡೋಣ. ನನ್ನ ಒಲವು ಎಲ್ಲಿದೆ ಅಂತಲೂ ಮುಚ್ಚಿಡದೆ ಹೇಳುತ್ತೇನೆ.

ಮೊದಲು ಅಳತೆಗೋಲು

ಯಾವುದೇ ಸುಧಾರಣೆಯ ಮಾತು ಬಂದರೂ ನಾನು ಕೇಳುವ ಮೊದಲ ಪ್ರಶ್ನೆ: ಕೇಸು ಮುಗಿಯುವ ಮೊದಲೇ ಪಾರಾದವರ ಕೈಗೆ ಏನಾದರೂ ಸಿಗುತ್ತದೆಯೇ? ಪೊಲೀಸ್ ದಾಳಿ ಆದ ದಿನ ಫೋಟೊ ಬರುತ್ತದೆ, ಸುದ್ದಿ ಬರುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ಬಾಡಿಗೆ ಕಟ್ಟಬೇಕು, ಔಷಧಿ ತರಬೇಕು, ಮಗುವನ್ನು ಶಾಲೆಗೆ ಸೇರಿಸಬೇಕು. ಅದೇ ದಲ್ಲಾಳಿ ಮತ್ತೆ ಫೋನ್ ಮಾಡಿದರೆ "ಬರಲ್ಲ" ಅನ್ನಲು ಜೇಬಿನಲ್ಲಿ ನಾಲ್ಕು ಕಾಸಿರಬೇಕು. ವಿಚಾರಣೆ ಮುಗಿಯುವುದು ಯಾವ ವರ್ಷವೋ.

ಎರಡನೆಯದು, ಅದನ್ನು ಮಾಡುವ ಅಧಿಕಾರ ಯಾರ ಕೈಯಲ್ಲಿದೆ? ಸಂಸತ್ತು ಮಾಡಬೇಕಾದ ಕೆಲಸವನ್ನು ಶಾಸಕರ ಮುಂದೆ ಇಟ್ಟರೆ ಅವರು ಒಂದು ಪತ್ರ ಬರೆದು ಸುಮ್ಮನಾಗುತ್ತಾರೆ. ಗೆಜೆಟ್ ಅಧಿಸೂಚನೆಯಲ್ಲೇ ಆಗುವ ಕೆಲಸಕ್ಕೆ ಹೊಸ ಕಾಯ್ದೆ ಕೇಳುವುದೂ ದಂಡ.

ಮೂರನೆಯದು, ನೆರವು ಪಡೆಯುವವರ ಒಪ್ಪಿಗೆಗೆ ಅದರಲ್ಲಿ ಬೆಲೆ ಇದೆಯೇ? ನಾಲ್ಕನೆಯದು, ಯಾರೆಲ್ಲ ಅದರ ಒಳಗೆ ಬರುತ್ತಾರೆ? ಇದನ್ನು ಅಳೆಯಲು ನಾಲ್ಕು ಜನರನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಮುಂಗಡ ಹಣಕ್ಕೆ ಸಿಕ್ಕಿ ಒಡಿಶಾದ ಬಲಾಂಗೀರ್‌ನಿಂದ ಬೆಂಗಳೂರಿನ ಹೊರವಲಯದ ಇಟ್ಟಿಗೆ ಗೂಡಿಗೆ ಬಂದ ಗಂಡ ಹೆಂಡತಿ. ಬ್ಯೂಟಿ ಪಾರ್ಲರ್ ಕೆಲಸ ಅಂತ ನಂಬಿಸಿ ಬಾಂಗ್ಲಾದೇಶದಿಂದ ಕರೆತಂದು ಲೈಂಗಿಕ ದಂಧೆಗೆ ನೂಕಿದ ಹೆಂಗಸು. ಓದಿಸುತ್ತೇವೆ ಎಂದು ಹೇಳಿ ಮನೆಗೆಲಸಕ್ಕೆ ಇಟ್ಟುಕೊಂಡ ಹದಿನಾಲ್ಕರ ಹುಡುಗಿ. ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ ಕೆಲಸ ಅಂತ ಹೋಗಿ ಮ್ಯಾನ್ಮಾರ್‌ನ ಆನ್‌ಲೈನ್ ವಂಚನೆ ಕೇಂದ್ರದಲ್ಲಿ ಸಿಕ್ಕಿಬಿದ್ದ ನಮ್ಮ ಕಡೆಯ ಪದವೀಧರ. ನಾಲ್ವರೂ ಸಂತ್ರಸ್ತರೇ. ನಾಲ್ವರಿಗೂ ಒಂದೇ ಸುಧಾರಣೆ ಸಾಲುವುದು ಅಪರೂಪ.

ಖರ್ಚು ಎಷ್ಟು, ಕೆಟ್ಟರೆ ಯಾರಿಗೆ ಏಟು ಬೀಳುತ್ತದೆ ಎನ್ನುವುದು ಕೊನೆಯ ಪ್ರಶ್ನೆ. ಒಳ್ಳೆಯ ಉದ್ದೇಶದ ಕಾನೂನಿನಲ್ಲೂ ಏಟು ತಿನ್ನುವುದು ಬಹಳ ಸಲ ಸಂತ್ರಸ್ತರೇ.

ಒಂದು: ಎಲ್ಲವನ್ನೂ ಒಳಗೊಂಡ ಹೊಸ ಕೇಂದ್ರ ಕಾನೂನು

ಮೊದಲು ಎಲ್ಲರ ಬಾಯಿಗೆ ಬರುವುದು ಇದೇ. ಕಾರಣವೂ ಇದೆ. ನಮ್ಮಲ್ಲಿ ಈ ವಿಷಯದ ಕಾನೂನು ಚೂರು ಚೂರಾಗಿ ಹಂಚಿಹೋಗಿದೆ. ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸುತ್ತದೆ. 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆ ವೇಶ್ಯಾವಾಟಿಕೆಗೆ ಸೀಮಿತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ದುಡಿಮೆಗೆ. ಭಾರತೀಯ ನ್ಯಾಯ ಸಂಹಿತೆಯ 143 ಮತ್ತು 144ನೇ ಸೆಕ್ಷನ್‌ಗಳು ಶಿಕ್ಷೆಗೆ.

ಈ 143ನೇ ಸೆಕ್ಷನ್ನನ್ನು ಒಮ್ಮೆ ನೀವೇ ಓದಿ ನೋಡಿ. ಶೋಷಣೆ ಅಂದರೆ ಏನೇನು ಎಂಬ ಪಟ್ಟಿಯಲ್ಲಿ ಲೈಂಗಿಕ ಶೋಷಣೆ, ಗುಲಾಮಗಿರಿ, ಭಿಕ್ಷಾಟನೆ, ಅಂಗಾಂಗ ತೆಗೆಯುವುದು ಎಲ್ಲ ಇವೆ. ಬಲವಂತದ ದುಡಿಮೆ ಎಂಬ ಮಾತು ಮಾತ್ರ ಇಲ್ಲ. ಗುಲಾಮಗಿರಿಗೆ ಹೋಲುವ ಪದ್ಧತಿ ಎಂಬ ಅಂಶದಡಿ ಇಟ್ಟಿಗೆ ಗೂಡಿನ ಜೀತವನ್ನೂ ತರಬಹುದು, ನಿಜ. ಆದರೆ ತರುವುದೋ ಬಿಡುವುದೋ ಠಾಣೆಯಲ್ಲಿ ಕೂತವರ ಓದಿಗೆ ಬಿಟ್ಟದ್ದು. 146ನೇ ಸೆಕ್ಷನ್ನಿನಲ್ಲಿ ಕಾನೂನುಬಾಹಿರ ಬಲವಂತದ ದುಡಿಮೆ ಅಂತ ಬೇರೆಯೇ ಇದೆ. ಅದರ ಶಿಕ್ಷೆ ಹೆಚ್ಚೆಂದರೆ ಒಂದು ವರ್ಷ. 143ರಲ್ಲಿ ಕನಿಷ್ಠವೇ ಏಳು ವರ್ಷ. ಒಂದೇ ಘಟನೆಗೆ ಯಾವ ಸೆಕ್ಷನ್ ಬೀಳುತ್ತದೆ ಎನ್ನುವುದರ ಮೇಲೆ ಇಷ್ಟೊಂದು ಅಂತರ.

ಹಾಗಾದರೆ ಹೊಸ ಕಾನೂನೇ ಬರಲಿ ಅನ್ನಿಸುತ್ತದೆ, ಅಲ್ವಾ? ಕಳ್ಳಸಾಗಣೆ ತಡೆಗೆಂದು ತಂದ 2018ರ ಮಸೂದೆ ಆ ವರ್ಷದ ಜುಲೈನಲ್ಲಿ ಲೋಕಸಭೆಯಲ್ಲಿ ಪಾಸಾಯಿತು. ರಾಜ್ಯಸಭೆ ದಾಟಲಿಲ್ಲ. 2019ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಅದೂ ಬಿದ್ದುಹೋಯಿತು. 2021ರಲ್ಲಿ ಇನ್ನೊಂದು ಕರಡು ಬಂತು, ಜನರ ಅಭಿಪ್ರಾಯ ಕೇಳಿದರು, ಅಲ್ಲಿಗೇ ನಿಂತಿತು.

2018ರ ಮಸೂದೆಯಲ್ಲಿ ನನಗೆ ತುಂಬ ಹಿಡಿಸಿದ ಅಂಶವೊಂದಿತ್ತು. ಪುನರ್ವಸತಿಗೂ ಕ್ರಿಮಿನಲ್ ಕೇಸಿನ ಫಲಿತಾಂಶಕ್ಕೂ ಗಂಟು ಹಾಕಬಾರದು ಎಂದು ಅದು ನೇರವಾಗಿ ಹೇಳಿತ್ತು. ಮಧ್ಯಂತರ ನೆರವಿಗೆ 30 ದಿನಗಳ ಗಡುವನ್ನೂ ಇಟ್ಟಿತ್ತು. ಹಿಡಿಸದ್ದೂ ಇತ್ತು. ಸಂತ್ರಸ್ತರು ಬಲವಂತಕ್ಕೆ ಸಿಕ್ಕಿ ಮಾಡಿದ ಅಪರಾಧಕ್ಕೆ ರಿಯಾಯಿತಿ ಕೊಟ್ಟದ್ದು ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷದಂಥ ದೊಡ್ಡ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಸಂತ್ರಸ್ತರ ಮೇಲೆ ಸಾಮಾನ್ಯವಾಗಿ ಬೀಳುವುದು ಸಣ್ಣ ಕೇಸುಗಳು: ಸುಳ್ಳು ದಾಖಲೆ, ವೀಸಾ ಇಲ್ಲ, ರಸ್ತೆಯಲ್ಲಿ ಗಿರಾಕಿ ಕರೆದರು ಅಂತೆಲ್ಲ. ಅವಕ್ಕೆ ರಕ್ಷಣೆಯೇ ಇರಲಿಲ್ಲ. ಸ್ವಂತ ಇಚ್ಛೆಯಿಂದ ಲೈಂಗಿಕ ವೃತ್ತಿಯಲ್ಲಿರುವ ವಯಸ್ಕರನ್ನೂ ಇದು ಬಲೆಗೆ ಹಾಕುತ್ತದೆ ಎಂದು ಅವರ ಸಂಘಟನೆಗಳು ವಿರೋಧಿಸಿದ್ದವು. ಆ ಆಕ್ಷೇಪವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ.

ಒಟ್ಟು ಲೆಕ್ಕ ಹೀಗೆ: ನಾಲ್ವರನ್ನೂ ಒಳಗೆ ತರುವ ಶಕ್ತಿ ಇರುವುದು ಇದಕ್ಕೇ. ಕಾಯಬೇಕಾದ ಕಾಲವೂ ಇದಕ್ಕೇ ಹೆಚ್ಚು. ಕರಡಿನಲ್ಲಿ ಏನು ಉಳಿಯುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ದೆಹಲಿಯಲ್ಲಿ ಓಡಾಡುವ ಶಕ್ತಿ ಇರುವ ದೊಡ್ಡ ಒಕ್ಕೂಟಗಳಿಗೆ ಸರಿ. ತಾಲ್ಲೂಕು ಮಟ್ಟದ ಸಂಘ ಇದನ್ನೇ ಮೊದಲ ಬೇಡಿಕೆ ಮಾಡಿಕೊಂಡರೆ ಹತ್ತು ವರ್ಷ ಕಾದರೂ ಕೈಗೆ ಏನೂ ಸಿಗದೆ ಹೋಗಬಹುದು.

ಎರಡು: ಪರಿಹಾರದ ಹಣವನ್ನು ಕೇಸಿನಿಂದ ಬಿಡಿಸುವುದು

ನನ್ನ ಮೊದಲ ಆಯ್ಕೆ ಇದು. ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಹಣ ಬರುವ ದಾರಿಗಳು ಈಗ ಎರಡಿವೆ. ಒಂದು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಸಿಗುವ ಸಂತ್ರಸ್ತರ ಪರಿಹಾರ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 357ಎ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396. ಇದರ ದೊಡ್ಡ ಗುಣ ಏನೆಂದರೆ ಆರೋಪಿ ಸಿಗದಿದ್ದರೂ, ವಿಚಾರಣೆಯೇ ನಡೆಯದಿದ್ದರೂ ಅರ್ಜಿ ಹಾಕಬಹುದು. ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಿ ಮೊತ್ತ ತೀರ್ಮಾನಿಸಬೇಕು. ನಡುವೆ ತುರ್ತು ನೆರವನ್ನೂ ಕೊಡಬಹುದು. ಕಾಗದದ ಮೇಲೆ ಇದಕ್ಕಿಂತ ಏನು ಬೇಕು?

ಒಳಗೆ ಹೋದರೆ ತೊಡಕು ಕಾಣುತ್ತದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಪರಿಹಾರ ಯೋಜನೆ ಮಹಿಳೆಯರಿಗೆ ಮಾತ್ರ. ಅದರ ಮೊತ್ತದ ಪಟ್ಟಿಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ ಅಂತೆಲ್ಲ ಇದೆ. ಕಳ್ಳಸಾಗಣೆಗೆ ಅಂತ ಪ್ರತ್ಯೇಕ ಸಾಲು ಇಲ್ಲ. ಮನೆಯೊಳಗೆ ಎರಡು ವರ್ಷ ಕೂಡಿಹಾಕಿ ದುಡಿಸಿದ ಹುಡುಗಿಯನ್ನು ಯಾವ ಸಾಲಿಗೆ ಸೇರಿಸುವುದು? ಪುನರ್ವಸತಿ ಬೇಕಾದಷ್ಟು ದೈಹಿಕ ಅಥವಾ ಮಾನಸಿಕ ಪೆಟ್ಟು ಎಂಬ ಸಾಲಿಗೆ ತೂರಿಸಬೇಕು. ಅಲ್ಲಿ ಸಿಗುವುದು 1ರಿಂದ 2 ಲಕ್ಷ.

ಇನ್ನೊಂದು ನಿಯಮ ನೋಡಿ. ಮಂಜೂರಾದ ಮೊತ್ತದಲ್ಲಿ ಶೇ 75ರಷ್ಟನ್ನು ಕನಿಷ್ಠ ಮೂರು ವರ್ಷ ಠೇವಣಿ ಇಡಬೇಕು. ಕೈಗೆ ಬರುವುದು ಶೇ 25. ಇದಕ್ಕೆ ಕಾರಣ ಇದೆ. ಹುಡುಗಿಯನ್ನು ಕಳಿಸಿದವನು ಎಷ್ಟೋ ಸಲ ಮಾವನೋ ಚಿಕ್ಕಪ್ಪನೋ ಆಗಿರುತ್ತಾನೆ. ಪೂರ್ತಿ ಹಣ ಒಟ್ಟಿಗೆ ಬಂದರೆ ಅವನ ಜೇಬು ಸೇರುವ ಭಯ ಸುಳ್ಳಲ್ಲ. ಆದರೆ 1 ಲಕ್ಷ ಮಂಜೂರಾದವಳ ಕೈಗೆ ಈಗ ಬರುವುದು 25,000. ಬೆಂಗಳೂರಿನಲ್ಲಿ ಒಂದು ರೂಮಿಗೆ ಅಡ್ವಾನ್ಸ್ ಕೊಟ್ಟು ಎರಡು ತಿಂಗಳ ರೇಷನ್ ತಂದರೆ ಮುಗಿಯಿತು. ಠೇವಣಿಯ ಪಾಲನ್ನು ಅವಳ ಸ್ಥಿತಿ ನೋಡಿ ಏರಿಳಿಸಲಿ, ತಿಂಗಳು ತಿಂಗಳೂ ಕೊಡುವ ದಾರಿಯನ್ನೂ ಇಡಲಿ ಎಂಬುದು ಕೇಳಬಹುದಾದ ಸಣ್ಣ, ಗಟ್ಟಿ ಬದಲಾವಣೆ.

ಎರಡನೆಯ ದಾರಿ ಜೀತದಿಂದ ಬಿಡುಗಡೆಯಾದವರ ಪುನರ್ವಸತಿಗಾಗಿ ಇರುವ 2016ರ ಕೇಂದ್ರ ಯೋಜನೆ. ಗಂಡಸರಿಗೆ 1 ಲಕ್ಷ, ಮಹಿಳೆಯರಿಗೂ ಮಕ್ಕಳಿಗೂ 2 ಲಕ್ಷ, ಲೈಂಗಿಕ ಶೋಷಣೆ ಮತ್ತು ಕಳ್ಳಸಾಗಣೆಯಂಥ ತೀವ್ರ ಪ್ರಕರಣಗಳಲ್ಲೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಅಂಗವಿಕಲರಿಗೂ 3 ಲಕ್ಷ. ಮೊದಲಿಗೆ 20,000 ಇದ್ದ ತಕ್ಷಣದ ನೆರವು ಈಗ 30,000. ಗಂಡಸರೂ ಇದರ ಒಳಗೆ ಬರುತ್ತಾರೆ ಎನ್ನುವುದು ಇದರ ಹೆಚ್ಚುಗಾರಿಕೆ. ಕೊಕ್ಕೆ ಇರುವುದು ಪೂರ್ತಿ ಮೊತ್ತದಲ್ಲಿ. ಕೊನೆಯ ಪಾವತಿಯನ್ನು ಶಿಕ್ಷೆಯ ಜೊತೆಗೋ, ಉಪವಿಭಾಗಾಧಿಕಾರಿ ಮುಂದಿನ ಸಂಕ್ಷಿಪ್ತ ವಿಚಾರಣೆ ಮುಗಿಯುವುದರ ಜೊತೆಗೋ ಕಟ್ಟಿಹಾಕಲಾಗಿದೆ. ಅಂದರೆ ಗೂಡಿನ ಮಾಲೀಕನ ವಕೀಲ ವಾಯಿದೆ ತೆಗೆದುಕೊಂಡಷ್ಟೂ ಕಾರ್ಮಿಕನ ಹಣ ಮುಂದಕ್ಕೆ ಹೋಗುತ್ತದೆ.

ಇನ್ನು ಬಿಡುಗಡೆ ಪತ್ರ. ಈ ಯೋಜನೆಯಲ್ಲಿ ಎಲ್ಲಕ್ಕೂ ಬೀಗದ ಕೈ ಅದೇ. ಒಂದು ಹಾಳೆ, ಹೆಸರು, ಗೂಡಿನ ವಿಳಾಸ, ಸಾಲ ರದ್ದಾಗಿದೆ ಎಂಬ ಸಾಲು, ಉಪವಿಭಾಗಾಧಿಕಾರಿಯ ಸಹಿ, ಸೀಲು. ಬಲಾಂಗೀರ್‌ನ ಆ ದಂಪತಿ ಇದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ರೈಲು ಹತ್ತಿದರು ಅಂತಿಟ್ಟುಕೊಳ್ಳಿ. ಊರಿನ ಬ್ಲಾಕ್ ಆಫೀಸಿನ ಗುಮಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾನೆ. ಪೂರ್ತಿ ಕನ್ನಡದಲ್ಲಿದೆ. ಅವನಿಗೆ ಅದು ಯಾವ ಕಾಗದ ಅಂತಲೇ ಗೊತ್ತಾಗುವುದಿಲ್ಲ. ಪತ್ರವನ್ನು ಕನ್ನಡದ ಜೊತೆಗೆ ಇಂಗ್ಲಿಷಿನಲ್ಲೋ ಕಾರ್ಮಿಕರ ಭಾಷೆಯಲ್ಲೋ ಕೊಡಿ, ಒಂದು ಪ್ರತಿಯನ್ನು ಅವರ ಜಿಲ್ಲಾಧಿಕಾರಿಗೆ ಇಮೇಲ್ ಮಾಡಿ ಎಂದು ಆದೇಶ ಹೊರಡಿಸಲು ಎಷ್ಟು ಖರ್ಚಾಗುತ್ತದೆ? ಏನೂ ಇಲ್ಲ. ಇಂಥವನ್ನೂ ನೀತಿ ಸುಧಾರಣೆ ಎಂದೇ ಕರೆಯಬೇಕು.

ಅಧಿಕಾರದ ಪ್ರಶ್ನೆಗೆ ಬಂದರೆ, 396ರ ಅಡಿಯ ಯೋಜನೆಯನ್ನು ರೂಪಿಸುವುದು ರಾಜ್ಯ ಸರ್ಕಾರ, ಕೇಂದ್ರದೊಂದಿಗೆ ಸಮನ್ವಯ ಮಾಡಿಕೊಂಡು. ಕರ್ನಾಟಕಕ್ಕೆ 2011ರಿಂದಲೇ ತನ್ನದೇ ಯೋಜನೆ ಇದೆ. ಕಳ್ಳಸಾಗಣೆ ಮತ್ತು ಜೀತಕ್ಕೆ ಸ್ಪಷ್ಟ ಸಾಲು ಸೇರಿಸಲು, ಗಂಡಸರಿಗೂ ಅನ್ವಯ ಎಂದು ಬಿಡಿಸಿ ಹೇಳಲು, ಮಧ್ಯಂತರ ನೆರವಿಗೆ ದಿನದ ಗಡುವು ಹಾಕಲು ವಿಧಾನಸಭೆಯಲ್ಲಿ ಮಸೂದೆ ಮಂಡಿಸಬೇಕಿಲ್ಲ. ಜೀತ ಯೋಜನೆಯ ಕೊಕ್ಕೆ ತೆಗೆಯುವುದು ಕೇಂದ್ರ ಕಾರ್ಮಿಕ ಸಚಿವಾಲಯದ ಕೆಲಸ. ಅದಕ್ಕೂ ಸಂಸತ್ತು ಬೇಡ, ಮಾರ್ಗಸೂಚಿ ತಿದ್ದಿದರೆ ಸಾಕು.

ದುರುಪಯೋಗ ಆಗುವುದಿಲ್ಲವೇ? ಅಧಿಕಾರಿಗಳು ಹೇಳುವ ಮೊದಲ ಮಾತೇ ಇದು: ಹಣದಾಸೆಗೆ ಸುಳ್ಳು ದೂರು ಬರುತ್ತವೆ. ಸ್ವಲ್ಪ ಬರಬಹುದು. ಆದರೆ ಜೀತ ಕಾಯ್ದೆಯ 15ನೇ ಸೆಕ್ಷನ್ ಇದು ಜೀತದ ಸಾಲ ಅಲ್ಲ ಎಂದು ಸಾಬೀತು ಮಾಡುವ ಹೊಣೆಯನ್ನು ಸಾಲ ಕೊಟ್ಟವನ ಮೇಲೇ ಹಾಕಿದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಏಷ್ಯಾಡ್ (ದೆಹಲಿಯ ಏಷ್ಯನ್ ಕ್ರೀಡಾಕೂಟ) ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಹೇಳಿತು. ಜಿಲ್ಲಾಧಿಕಾರಿ ಮೇಲ್ನೋಟಕ್ಕೆ ಜೀತ ಇತ್ತು ಎಂದು ಒಪ್ಪಿದ ಮೇಲೆ ಹಣ ತಡೆಯುವುದಕ್ಕೆ ಕಾರಣ ಉಳಿಯುವುದಿಲ್ಲ.

ಮೂರು: ಸಂತ್ರಸ್ತರ ಮೇಲೇ ಕೇಸು ಹಾಕದಿರುವ ನಿಯಮ

ಮ್ಯಾನ್ಮಾರ್‌ನ ಮ್ಯಾವಾಡಿ ಸುತ್ತಮುತ್ತಲಿನ ವಂಚನೆ ಕೇಂದ್ರಗಳಿಂದ 2025ರ ಮಾರ್ಚ್‌ನಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತಂದರು. ಇಂಥ ಕೇಂದ್ರಗಳಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು, ಹೊಡೆದು, ದಿನಕ್ಕೆ ಇಷ್ಟು ಜನರಿಗೆ ಮೋಸ ಮಾಡಬೇಕು ಎಂದು ಗುರಿ ಕೊಡುತ್ತಾರೆ. ಹಾಗೆ ಮೋಸ ಮಾಡಿದ ಹುಡುಗ ಅಪರಾಧಿಯೋ ಸಂತ್ರಸ್ತನೋ?

ನಮ್ಮ ಕಾನೂನಿನಲ್ಲಿ ಅವನಿಗೆ ಇರುವ ಆಸರೆ ನ್ಯಾಯ ಸಂಹಿತೆಯ 32ನೇ ಸೆಕ್ಷನ್. ಅದು ಕೇಳುವುದು "ತಕ್ಷಣದ ಸಾವಿನ" ಬೆದರಿಕೆ. ಹೊಡೆತ, ಹಸಿವು, ಕರೆಂಟ್ ಶಾಕ್ ಸಾಲುವುದಿಲ್ಲ. ಜೊತೆಗೆ, ಆ ಸ್ಥಿತಿಗೆ ಅವನು ತಾನಾಗಿಯೇ ಹೋಗಿರಬಾರದು ಎಂಬ ಷರತ್ತೂ ಇದೆ. ಕೆಲಸಕ್ಕೆ ಅರ್ಜಿ ಹಾಕಿದವನು ಅವನೇ ತಾನೇ, ಎಂದು ಸರ್ಕಾರಿ ವಕೀಲರು ಕೇಳಿದರೆ ಏನು ಹೇಳುವುದು?

ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ 45ನೇ ಸೆಕ್ಷನ್ ಬೇರೆ ರೀತಿ ಯೋಚಿಸುತ್ತದೆ. ಶೋಷಣೆಗೆ ಸಿಕ್ಕ ವ್ಯಕ್ತಿಯ ಜಾಗದಲ್ಲಿ ಸಾಮಾನ್ಯ ಮನುಷ್ಯನೊಬ್ಬ ಇದ್ದಿದ್ದರೆ ಅವನಿಗೆ ಬೇರೆ ದಾರಿ ಇರುತ್ತಿತ್ತೇ ಎಂದು ಕೇಳುತ್ತದೆ. ಮಕ್ಕಳ ವಿಷಯದಲ್ಲಿ ಬಲವಂತವನ್ನು ತೋರಿಸಲೂ ಬೇಕಿಲ್ಲ. ಕೊರತೆ ಎಂದರೆ ಈ ರಕ್ಷಣೆ ಅನ್ವಯಿಸದ ಗಂಭೀರ ಅಪರಾಧಗಳ ಪಟ್ಟಿ ನೂರನ್ನೂ ದಾಟುತ್ತದೆ. ಅದೂ ಅಲ್ಲದೆ ಈ ವಾದ ಕೆಲಸಕ್ಕೆ ಬರುವುದು ಕೇಸು ಬಿದ್ದ ಮೇಲೆ. ಬಂಧನ, ಜಾಮೀನು, ಊರಲ್ಲಿ ಮರ್ಯಾದೆ ಹೋಗುವುದು ಅಷ್ಟರಲ್ಲಿ ಆಗಿಹೋಗಿರುತ್ತದೆ.

ನಮ್ಮಲ್ಲಿ ಇಂಥದ್ದೇ ಒಂದು ತುಣುಕು ಈಗಾಗಲೇ ಇದೆ. ಕಳ್ಳಸಾಗಣೆಯಾಗಿ ಬಂದ ವಿದೇಶಿ ಮಹಿಳೆ ಮತ್ತು ಮಕ್ಕಳ ಮೇಲೆ ವಿದೇಶಿಯರ ಕಾಯ್ದೆಯಡಿ ಕ್ರಮ ಬೇಡ ಎಂದು ಗೃಹ ಸಚಿವಾಲಯ 2012ರ ಮೇನಲ್ಲಿ ರಾಜ್ಯಗಳಿಗೆ ಸಲಹಾಪತ್ರ ಕಳಿಸಿತ್ತು. ಸಲಹೆ ಅಷ್ಟೇ, ಕಾನೂನಲ್ಲ. ಆ ಕಾಯ್ದೆಯ ಜಾಗಕ್ಕೆ 2025ರಲ್ಲಿ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಬಂದಿರುವಾಗ, ಅದೇ ಸಲಹೆಯನ್ನು ನಿಯಮವಾಗಿಸಿ ಎಂದು ಕೇಳಲು ಇದು ಒಳ್ಳೆಯ ಸಮಯ.

ಖರ್ಚು ಸೊನ್ನೆ. ಸಂಸತ್ತಿನ ದಾರಿ ನಿಧಾನ. ಆದರೆ ಸಂತ್ರಸ್ತರೆಂದು ಮೇಲ್ನೋಟಕ್ಕೆ ಕಂಡವರನ್ನು ಬಂಧಿಸುವ ಮೊದಲು ಜಿಲ್ಲೆಯ ಮಾನವ ಕಳ್ಳಸಾಗಣೆ ತಡೆ ಘಟಕದ ಅಭಿಪ್ರಾಯ ಪಡೆಯಿರಿ ಎಂದು ರಾಜ್ಯದ ಪೊಲೀಸ್ ಮಹಾನಿರ್ದೇಶಕರು ಒಂದು ಸುತ್ತೋಲೆ ಹೊರಡಿಸಬಹುದು. ಕರಾವಳಿಯಲ್ಲೋ ಹಳೇ ಮೈಸೂರು ಕಡೆಯೋ ವಿದೇಶಕ್ಕೆ ಹುಡುಗರನ್ನು ಕಳಿಸುವ ಏಜೆಂಟರ ಹಾವಳಿ ಇರುವ ಊರಿನವರು ನೀವಾದರೆ ಇದನ್ನೇ ಮೊದಲಿಡಿ.

ನಾಲ್ಕು: ಆಶ್ರಯಧಾಮವೋ, ಊರಲ್ಲೇ ನೆರವೋ

1956ರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದಾಳಿಯಲ್ಲಿ ಸಿಕ್ಕ ಮಹಿಳೆಯನ್ನು ಮ್ಯಾಜಿಸ್ಟ್ರೇಟರು ಒಂದರಿಂದ ಮೂರು ವರ್ಷ ರಕ್ಷಣಾ ಗೃಹದಲ್ಲಿ ಇರಿಸಲು ಆದೇಶಿಸಬಹುದು. ಅವಳು ಮೂವತ್ತು ವರ್ಷದ, ಇಬ್ಬರು ಮಕ್ಕಳ ತಾಯಿಯೇ ಆಗಿರಲಿ. ಅದೇ ಕಾಯ್ದೆಯ 8ನೇ ಸೆಕ್ಷನ್ನಿನಲ್ಲಿ ಗಿರಾಕಿ ಕರೆದ ಅಪರಾಧಕ್ಕೆ ಮೊದಲ ಸಲ ಹೆಚ್ಚೆಂದರೆ ಆರು ತಿಂಗಳ ಶಿಕ್ಷೆ. ಅಪರಾಧಿಗೆ ಆರು ತಿಂಗಳು, ಕಾಪಾಡಿದವಳಿಗೆ ಮೂರು ವರ್ಷ! ಗೋಡೆ ಹಾರಿ ಓಡಿಹೋಗುವ ಸುದ್ದಿ ಬಂದಾಗ "ಕಾಪಾಡಿದರೂ ಹೀಗೆ ಮಾಡ್ತಾರಲ್ಲ" ಎನ್ನುವವರು ಈ ಲೆಕ್ಕವನ್ನು ನೋಡಿರುವುದಿಲ್ಲ.

2022ರ ಮೇನಲ್ಲಿ ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಗೃಹಗಳ ಸಮೀಕ್ಷೆ ಮಾಡಿ, ಇಚ್ಛೆಗೆ ವಿರುದ್ಧವಾಗಿ ಇಟ್ಟಿರುವ ವಯಸ್ಕ ಮಹಿಳೆಯರನ್ನು ಕಾಲಮಿತಿಯಲ್ಲಿ ಬಿಡುಗಡೆ ಮಾಡುವ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಹೇಳಿತು. ಅದೇ ವರ್ಷ ಮಹಿಳೆಯರ ಆಶ್ರಯಕ್ಕೆಂದು ಕೇಂದ್ರ ನಡೆಸುತ್ತಿದ್ದ ಉಜ್ವಲ ಮತ್ತು ಸ್ವಾಧಾರ ಗೃಹ ಯೋಜನೆಗಳು ಸೇರಿ, ಕೇಂದ್ರದ್ದೇ ಮಿಷನ್ ಶಕ್ತಿ ಯೋಜನೆಯ ಅಡಿ ಶಕ್ತಿ ಸದನ ಆಯಿತು. ಹೆಸರು ಬದಲಾಯಿತು, ಆದರೆ ಒಳಗೇ ಇಟ್ಟು ನೋಡಿಕೊಳ್ಳುವ ಮಾದರಿ ಹಾಗೇ ಇದೆ.

ಇದಕ್ಕೆ ಬದಲು ಸಂತ್ರಸ್ತರು ಬಯಸಿದ ಊರಿನಲ್ಲಿ ಬಾಡಿಗೆ ನೆರವು, ತಿಂಗಳ ಭತ್ಯೆ, ಆಪ್ತ ಸಮಾಲೋಚಕರ ಭೇಟಿ, ಪಡಿತರ ಚೀಟಿ, ಕೆಲಸ ಕಲಿಕೆ ಕೊಡುವುದು ಇನ್ನೊಂದು ಮಾದರಿ. ಒಪ್ಪಿಗೆಯ ಅಳತೆಯಲ್ಲಿ ಇದಕ್ಕೇ ಪೂರ್ತಿ ಅಂಕ. ಆದರೆ ಕಣ್ಣುಮುಚ್ಚಿ ಒಪ್ಪಬೇಡಿ. ಮಾರಿದವನು ಅದೇ ಬೀದಿಯಲ್ಲಿದ್ದರೆ ಊರು ಆಶ್ರಯವಾಗುವುದಿಲ್ಲ. ಹದಿನಾಲ್ಕರ ಹುಡುಗಿಯ ವಿಷಯ ಬೇರೆಯೇ. ಅವಳನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಲೇಬೇಕು, ಮನೆ ಸುರಕ್ಷಿತ ಅಲ್ಲದಿದ್ದರೆ ಅವಳಿಗೆ ಒಳ್ಳೆಯ ಮಕ್ಕಳ ಮನೆ ಬೇಕೇ ಬೇಕು. ಬಾಂಗ್ಲಾದೇಶದ ಹೆಂಗಸಿಗೆ ಇಲ್ಲಿ ಊರೇ ಇಲ್ಲ. ವಾಪಸಾತಿ ಆಗುವವರೆಗೆ ಅವಳಿಗೂ ಸೂರು ಬೇಕು, ಬೀಗ ಬೇಡ. ಆದ್ದರಿಂದ ಧಾಮಗಳನ್ನು ಮುಚ್ಚಿ ಎನ್ನುವುದಕ್ಕಿಂತ ವಯಸ್ಕರಿಗೆ ಬಾಗಿಲು ತೆರೆದಿರಲಿ, ಫೋನು ಅವರ ಕೈಯಲ್ಲಿರಲಿ, ಹೊರಗೆ ಇರುತ್ತೇನೆ ಅಂದವರಿಗೂ ಅಷ್ಟೇ ಹಣ ಸಿಗಲಿ ಎಂದು ಕೇಳುವುದು ಜಾಣತನ.

ಸರ್ಕಾರದ ಬಜೆಟ್ಟಿಗೆ ಇದು ಉಳಿದವುಗಳಿಗಿಂತ ಭಾರ. ಮನೆ ಮನೆಗೆ ಹೋಗುವ ಸಮಾಲೋಚಕರು ಬೇಕು, ಅವರಿಗೆ ತಿಂಗಳು ತಿಂಗಳೂ ಸಂಬಳ ಆಗಬೇಕು. ಸಂಬಳ ನಿಂತರೆ ಯೋಜನೆಯೂ ನಿಂತಂತೆ.

ಐದು: ಸಾಕ್ಷಿಗೆ ರಕ್ಷಣೆ, ವಿಡಿಯೊದಲ್ಲಿ ಹೇಳಿಕೆ

2018ರ ಸಾಕ್ಷಿ ರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯಿಸಿತು. ಈಗ ಸುರಕ್ಷಾ ಸಂಹಿತೆಯ 398ನೇ ಸೆಕ್ಷನ್ ಪ್ರತಿ ರಾಜ್ಯವೂ ತನ್ನ ಯೋಜನೆ ರೂಪಿಸಿ ಅಧಿಸೂಚನೆ ಹೊರಡಿಸಬೇಕು ಎನ್ನುತ್ತದೆ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಟ್ಟರೆ ಪೊಲೀಸರು ಐದು ಕೆಲಸದ ದಿನಗಳಲ್ಲಿ ಬೆದರಿಕೆಯ ವರದಿ ಕೊಡಬೇಕು. 530ನೇ ಸೆಕ್ಷನ್ ವಿಡಿಯೊ ಮೂಲಕ ಸಾಕ್ಷ್ಯಕ್ಕೆ ದಾರಿ ಮಾಡಿದೆ.

ಬಲಾಂಗೀರ್‌ನವರು ದಿನಗೂಲಿ ಬಿಟ್ಟು, ರೈಲು ಹತ್ತಿ ಬೆಂಗಳೂರು ಗ್ರಾಮಾಂತರದ ಕೋರ್ಟಿಗೆ ಬಂದು, "ಜಡ್ಜ್ ರಜೆ, ಮುಂದಿನ ತಿಂಗಳು ಬನ್ನಿ" ಎಂಬ ಮಾತು ಕೇಳಿ ವಾಪಸ್ ಹೋದರೆ ಮುಂದಿನ ಸಲ ಬರುವುದಿಲ್ಲ. ಕೇಸು ಬೀಳುತ್ತದೆ. ಅವರ ಜಿಲ್ಲಾ ಕೋರ್ಟಿನಲ್ಲೇ ಕೂತು ವಿಡಿಯೊದಲ್ಲಿ ಹೇಳಿಕೆ ಕೊಡಲು ಬಿಟ್ಟರೆ ಆಗುವ ಖರ್ಚು ಒಂದು ರೈಲು ಟಿಕೆಟ್ಟಿಗಿಂತ ಕಡಿಮೆ. ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್ ವಕೀಲರಿಗೆ ನನ್ನ ಸಲಹೆ ಇದೇ. ಯಾರ ಅಪ್ಪಣೆಗೂ ಕಾಯದೆ ನಿಮ್ಮ ಮುಂದಿನ ಕೇಸಿನಲ್ಲೇ ಅರ್ಜಿ ಹಾಕಬಹುದು.

ಮಿತಿಯೂ ಸ್ಪಷ್ಟ: ಇದು ಕೇಸು ಗೆಲ್ಲಲು ನೆರವಾಗುತ್ತದೆ, ಹೊಟ್ಟೆ ತುಂಬಿಸುವುದಿಲ್ಲ. ಅಮೆರಿಕದ ಟಿ ವೀಸಾವನ್ನು ಮಾದರಿ ಅಂತ ತೋರಿಸುವವರಿದ್ದಾರೆ. 2000ದ ಕಾಯ್ದೆಯಿಂದ ಬಂದ ಅದು ವಿದೇಶಿ ಸಂತ್ರಸ್ತರಿಗೆ ನಾಲ್ಕು ವರ್ಷದವರೆಗೆ ಉಳಿಯಲು, ದುಡಿಯಲು ಬಿಡುತ್ತದೆ. ಆದರೆ ತನಿಖೆಗೆ ಸಹಕರಿಸಬೇಕು. ಹದಿನೆಂಟು ತುಂಬದವರಿಗೂ ಆಘಾತದಿಂದ ಮಾತಾಡಲಾಗದವರಿಗೂ ಮಾತ್ರ ವಿನಾಯಿತಿ. ವರ್ಷಕ್ಕೆ 5,000 ವೀಸಾಗಳ ಮಿತಿ ಬೇರೆ. ಬಾಗಿಲು ತೆರೆದಿದೆ, ಆದರೆ ಅಲ್ಲೂ ನೆರವಿಗೂ ಸಾಕ್ಷ್ಯಕ್ಕೂ ಗಂಟು ಬಿದ್ದಿದೆ.

ಆರು: ದಲ್ಲಾಳಿಯ ಆಸ್ತಿಯಿಂದಲೇ ವಸೂಲಿ

ಸುರಕ್ಷಾ ಸಂಹಿತೆಯ 107ನೇ ಸೆಕ್ಷನ್ ಹೊಸದು. ಅಪರಾಧದಿಂದ ಗಳಿಸಿದ ಆಸ್ತಿಯನ್ನು ಕೋರ್ಟ್ ಜಪ್ತಿ ಮಾಡಿ, ನೊಂದವರಿಗೆ ಹಂಚಲು ಜಿಲ್ಲಾಧಿಕಾರಿಗೆ ಹೇಳಬಹುದು. ಹಂಚಿಕೆಗೆ 60 ದಿನ. ಕೇಳಲು ಹಿತವಾಗಿದೆ, ನ್ಯಾಯವೂ ಹೌದು. ಆದರೆ ಕಾರ್ಮಿಕರನ್ನು ಕರೆತರುವ ಮೇಸ್ತ್ರಿಯ ಹೆಸರಲ್ಲಿ ಒಂದು ಬೈಕು ಬಿಟ್ಟರೆ ಏನೂ ಇರುವುದಿಲ್ಲ. ಮಾಲೀಕನ ಆಸ್ತಿಯವರೆಗೆ ತನಿಖೆ ಹೋದರೆ ಮಾತ್ರ ಪ್ರಯೋಜನ. ಜೊತೆಗಿರಲಿ, ಇದನ್ನೇ ನಂಬಿ ಕೂರಬೇಡಿ.

ನಿಮಗೆ ಯಾವುದು?

ನಿಮ್ಮ ಕೈಯಲ್ಲಿ ದುಡ್ಡೂ ಇಲ್ಲ, ದೆಹಲಿಯ ಸಂಪರ್ಕವೂ ಇಲ್ಲ, ಶಾಸಕರ ಐದು ನಿಮಿಷ ಮಾತ್ರ ಇದೆ ಅಂದರೆ ಎರಡನೆಯದನ್ನೇ ಹಿಡಿಯಿರಿ. ಗೂಡು, ಕ್ವಾರಿ, ತೋಟಗಳ ಸೀಮೆಯವರಾದರೆ ಅದರಲ್ಲೂ ಬಿಡುಗಡೆ ಪತ್ರ ಮತ್ತು 30,000ದ ತಕ್ಷಣದ ನೆರವನ್ನು ಮುಂದಿಡಿ. ನಗರದ ಮಹಿಳಾ ಸಂಘಟನೆಗೆ ನಾಲ್ಕನೆಯದು ಸಹಜ. ಆದರೆ ಲೈಂಗಿಕ ವೃತ್ತಿಯಲ್ಲಿರುವವರ ಸಂಘಟನೆಯನ್ನು ಕೂರಿಸಿಕೊಂಡು ಮಾತಾಡದೆ ಕರಡು ಬರೆಯಬೇಡಿ. ಸಂಸದರ ಭೇಟಿ ಸಿಕ್ಕಿದರೆ ಮೂರನೆಯದನ್ನೂ, ಜೀತ ಯೋಜನೆಯ ಕೊಕ್ಕೆಯನ್ನೂ ಒಟ್ಟಿಗೆ ಎತ್ತಿ. ಇಡೀ ಹೊಸ ಕಾನೂನಿನ ಮಾತು ಅವರೇ ತೆಗೆದರೆ 2018ರ ಮಸೂದೆಯ ಆ ಒಂದು ಅಂಶವನ್ನು, ಪುನರ್ವಸತಿ ಕೇಸಿಗೆ ಅಂಟಿರಬಾರದು ಎಂಬುದನ್ನು, ಬಿಡಬೇಡಿ ಅನ್ನಿ.

ರಾಜ್ಯದಲ್ಲಿ ಇದೆಲ್ಲ ಆಗುವ ಮಾತೇ ಎಂದು ಅನುಮಾನ ಪಡುವವರಿಗೆ ಒಂದು ಉದಾಹರಣೆ. ದೇವದಾಸಿ ಪದ್ಧತಿಯ ವಿರುದ್ಧ 1982ರಲ್ಲಿ ಬಂದ ನಮ್ಮ ಕಾಯ್ದೆಯ ಹೆಸರಲ್ಲೇ ನಿಷೇಧ ಮಾತ್ರ ಇತ್ತು. 2025ರಲ್ಲಿ ತಂದ ಹೊಸ ಮಸೂದೆಯ ಹೆಸರಿನಲ್ಲೇ ಪರಿಹಾರ ಮತ್ತು ಪುನರ್ವಸತಿ ಸೇರಿವೆ. ವರ್ಷಗಟ್ಟಲೆ ಮನವಿ ಕೊಟ್ಟವರ ಒತ್ತಾಯ ಇಲ್ಲದೆ ಇದು ಆಗುತ್ತಿರಲಿಲ್ಲ.

ಬರೆಯುವಾಗ "ಸಂತ್ರಸ್ತರಿಗೆ ಸೂಕ್ತ ನೆರವು ನೀಡಬೇಕು" ಅಂತ ಬರೆಯಬೇಡಿ. ಅದಕ್ಕೆ ಬರುವ ಉತ್ತರ "ಪರಿಶೀಲಿಸಲಾಗುವುದು". ಯಾವ ಯೋಜನೆ, ಯಾವ ಸಾಲು, ಯಾವ ಬದಲಾವಣೆ, ಎಷ್ಟು ದಿನದ ಗಡುವು ಎಂದು ಬರೆಯಿರಿ. ಉದಾಹರಣೆಗೆ: "ಕರ್ನಾಟಕ ಸಂತ್ರಸ್ತರ ಪರಿಹಾರ ಯೋಜನೆಯ ಅನುಸೂಚಿಗೆ ಮಾನವ ಕಳ್ಳಸಾಗಣೆ ಮತ್ತು ಜೀತವನ್ನು ಪ್ರತ್ಯೇಕ ಸಾಲಾಗಿ ಸೇರಿಸಿ, ಲಿಂಗಭೇದವಿಲ್ಲದೆ ಅನ್ವಯಿಸಿ, ಅರ್ಜಿ ಬಂದ 15 ದಿನಗಳಲ್ಲಿ ಮಧ್ಯಂತರ ಪರಿಹಾರ ಪಾವತಿಸತಕ್ಕದ್ದು." ಮೂಲ ಪ್ರತಿ ಗೃಹ ಇಲಾಖೆಗೆ, ಒಂದು ಪ್ರತಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ, ಇನ್ನೊಂದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಆರು ತಿಂಗಳ ನಂತರ ಮಾಹಿತಿ ಹಕ್ಕಿನಲ್ಲಿ ಏನಾಯಿತು ಅಂತ ಕೇಳಲು ಆ ತಾರೀಕು ಬೇಕಾಗುತ್ತದೆ.